ಫಾಬ್ರನ ಬಟಾಣಿ ದುಂಬಿ: ಸ್ವಭಾವೋಕ್ತಿಯ ಮೇರೆಯನ್ನು ಕುರಿತ ವಿಚಾರ

ಶಾಸ್ತ್ರವಿಷಯವನ್ನು ಹೇಳುವ ಗದ್ಯಕ್ಕೆ ಸಾಹಿತ್ಯವೆಂಬ ಹೆಸರು ಸಲ್ಲುವುದೆ, ಸಲ್ಲುವುದಾದರೆ ಅದನ್ನು ಯಾವ ಒರೆಗಲ್ಲಿಗೆ ಉಜ್ಜಿ ನೋಡಬೇಕು ಎಂಬ ಪ್ರಶ್ನೆಯು ನಮ್ಮಲ್ಲಿ ಇನ್ನೂ ನಿರ್ಣಯವನ್ನು ಪಡೆದಿಲ್ಲ. ಒಂದು ಪಕ್ಷದವರು, ಪದಾರ್ಥಗಳ ಸ್ವರೂಪವನ್ನು ಇದ್ದಂತೆ ಹೇಳುವ ಬರಹದಲ್ಲಿ ರಸಕ್ಕೆ ಎಡೆಯಿಲ್ಲವಾದುದರಿಂದ ಅದು ಸಾಹಿತ್ಯಪಾಠದೊಳಗೆ ಬರತಕ್ಕುದಲ್ಲವೆಂದು ತಳ್ಳಿಬಿಡುವರು. ಇನ್ನೊಂದು ಪಕ್ಷದವರು, ಕ್ರಿಮಿಕೀಟಗಳಿಗೆ ಮನುಷ್ಯರ ಮನೋಭಾವಗಳನ್ನು ಕೊಟ್ಟು ಬರೆದರೆ ಸಾಕು, ಅದೇ ಸಾಹಿತ್ಯವೆಂದು ತಲೆದೂಗುವರು. ಮೊದಲನೆಯವರು ಸತ್ಯವನ್ನು ಸಾಹಿತ್ಯದ ಹೊರಗಿಡುತ್ತಾರೆ; ಎರಡನೆಯವರು ಸಾಹಿತ್ಯದ ಹೆಸರಿನಲ್ಲಿ ಸತ್ಯವನ್ನು ಮರೆಯುತ್ತಾರೆ. ಈ ಎರಡು ಪಕ್ಷಗಳನ್ನೂ ಒಂದು ಚಿಕ್ಕ ಉದಾಹರಣೆಯ ಮೂಲಕ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಫ್ರಾನ್ಸ್ ದೇಶದ ಫಾಬ್ರನು ಬಟಾಣಿಯ ದುಂಬಿಯನ್ನೂ ಹುರುಳಿಕಾಯಿಯ ದುಂಬಿಯನ್ನೂ ಕುರಿತು ಬರೆದ ಅಧ್ಯಾಯಗಳೇ ಆ ಉದಾಹರಣೆ.

೧. ಗ್ರಂಥವೂ ವಿಷಯವೂ

ಜಾನ್ ಆನ್ರಿ ಫಾಬ್ರನು ೧೮೨೩ರಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದನು, ಬಹುಕಾಲ ಉಪಾಧ್ಯಾಯವೃತ್ತಿಯಲ್ಲಿದ್ದನು, ೧೮೭೯ರಲ್ಲಿ ಸೆರಿಞಾನ್ ಎಂಬ ಗ್ರಾಮದಲ್ಲಿ ಕಲ್ಲುಮುಳ್ಳುಗಳ ಒಂದು ಬೀಳುಭೂಮಿಯನ್ನು ಕೊಂಡು, ೧೯೧೫ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯ ಕೀಟಗಳನ್ನು ನೋಡುತ್ತ ಬರೆಯುತ್ತ ಕಳೆದನು. ಆತನ 'ಕೀಟಸ್ಮರಣೆಗಳು' ೧೮೭೯ರಿಂದ ೧೯೦೭ರವರೆಗೆ ಹತ್ತು ಸಂಪುಟಗಳಾಗಿ ಹೊರಬಂದುವು. ಡಾರ್ವಿನ್ ಮಹಾಶಯನು ತನ್ನ 'ಜಾತಿಗಳ ಉಗಮ'ದಲ್ಲಿ ಈತನನ್ನು ಅನುಕರಣಕ್ಕೆ ನಿಲುಕದ ವೀಕ್ಷಕನೆಂದು ಕರೆದಿರುವನು. ಆದರೂ ಫಾಬ್ರನು ಡಾರ್ವಿನ್ನನ ವಿಕಾಸವಾದವನ್ನು ಕಡೆಯವರೆಗೂ ಒಪ್ಪಲಿಲ್ಲ. ಸಾಹಿತ್ಯದ ನೊಬೆಲ್ ಬಹುಮಾನಕ್ಕೂ ಆತನ ಹೆಸರು ಸೂಚಿತವಾಗಿತ್ತು. ನಾವು ಇಲ್ಲಿ ವಿಚಾರಿಸುವ ಅಧ್ಯಾಯಗಳು ೧೯೦೩ರ ಎಂಟನೆಯ ಸಂಪುಟದಲ್ಲಿವೆ.

ಮೊದಲು ಪದಾರ್ಥನಿರ್ದೇಶ. ಫಾಬ್ರನು ಎರಡು ಕೀಟಗಳನ್ನೂ 'ಬ್ರೂಖಸ್' ಎಂಬ ಒಂದೇ ಕುಲನಾಮದಿಂದ ಕರೆಯುತ್ತಾನೆ. ಲಿನೀಯಸ್ ಪಂಡಿತನು ೧೭೬೭ರಲ್ಲಿ ಸ್ಥಾಪಿಸಿದ ಈ ಕುಲದಲ್ಲಿ ಬೀಜಭಕ್ಷಕ ದುಂಬಿಗಳೆಲ್ಲ ಬಹುಕಾಲ ಒಟ್ಟಾಗಿ ಸೇರಿದ್ದುವು. ಅನಂತರದ ವಿದ್ವಾಂಸರು ಅದನ್ನು ಒಡೆದರು. ಈಗ 'ಬ್ರೂಖಸ್' ಎಂಬುದು ಬಟಾಣಿ, ಚನ್ನಂಗಿ, ಕೇಸರಿಬೇಳೆಯ ಬಳ್ಳಿ, ಫ್ರೆಂಚರು 'ಫೆವ್' ಎನ್ನುವ ದೊಡ್ಡ ಕಾಳು ಇವೇ ಮೊದಲಾದ ಒಂದೇ ಬಣದ ದ್ವಿದಳಸಸ್ಯಗಳನ್ನು ಮುಖ್ಯವಾಗಿ ಆಶ್ರಯಿಸಿದ ದುಂಬಿಗಳಿಗೆ ಮಾತ್ರ ಸಲ್ಲುತ್ತದೆ. ಹುರುಳಿಕಾಯಿಯ ದುಂಬಿಯು 'ಅಕ್ಯಾಂಥೊಸೆಲಿಡಿಸ್' ಎಂಬ, ೧೯೦೫ರಲ್ಲಿ ಸ್ಥಾಪಿತವಾದ ಬೇರೆ ಕುಲಕ್ಕೆ ಸೇರಿತು. ಆದುದರಿಂದ ೧೯೦೩ರ ಗ್ರಂಥದಲ್ಲಿ ಎರಡಕ್ಕೂ ಒಂದೇ ಹೆಸರಿರುವುದನ್ನು ದೋಷವೆಂದೆಣಿಸಲಾಗದು, ಅದು ಕಾಲಧರ್ಮ.

ಇಂಗ್ಲಿಷ್ ಭಾಷಾಂತರಕಾರರು ಇದನ್ನು 'ವೀವಿಲ್' ಎಂದು ಹೇಳಿರುವುದು ಮಾತ್ರ ವಿಚಾರಾರ್ಹ. ಆ ಶಬ್ದವು ಮುಖ್ಯವಾಗಿ ಉದ್ದ ಮೂತಿಯುಳ್ಳ ಕೀಟಗಳನ್ನು, ಎಂದರೆ ನಾವು ಅಕ್ಕಿಯಲ್ಲಿ ಕಾಣುವ ಸೊಂಡಿಲುಹುಳುವಿನ ಬಳಗವನ್ನು, ಬೋಧಿಸುತ್ತದೆ. ಬ್ರೂಖಸ್ಸಿಗೆ ಸೊಂಡಿಲಿಲ್ಲ. ಅದು ಎಲೆ ತಿನ್ನುವ ದುಂಬಿಗಳ ವಂಶದಲ್ಲಿ ಒಂದು ಉಪವಂಶವೆಂದು ಈಗಿನ ಸಿದ್ಧಾಂತ. ಇಂಗ್ಲಿಷಿನಿಂದ ಕನ್ನಡಿಸುವವರು 'ಸೊಂಡಿಲುಹುಳು' ಎಂದು ಬರೆದರೆ ತಪ್ಪಿನ ಮೇಲೆ ತಪ್ಪು ಬೆಳೆಯುವುದು. 'ಕಾಳಿನ ದುಂಬಿ' ಎಂದರೆ ಸಾಕು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ನಮ್ಮ ಮನೆಗಳಲ್ಲಿ ಹೆಸರು, ಅಲಸಂದೆ, ಕಡಲೆ, ತೊಗರಿಗಳನ್ನು ಹುಳುಕು ಮಾಡುವುದು ಬ್ರೂಖಸ್ ಅಲ್ಲ. ಅದರ ದಾಯಾದಿಯಾದ 'ಕ್ಯಾಲೊಸೊಬ್ರೂಖಸ್' ಎಂಬ ಕುಲ. ಇದು ಒಣಗಿದ ಕಾಳಿನ ಮೇಲೆಯೇ ಬಿಳಿಯ ಚುಕ್ಕೆಯಂತೆ ಮೊಟ್ಟೆಯನ್ನಂಟಿಸಿ, ಡಬ್ಬಿಯೊಳಗೇ ತಲೆಮಾರಿನ ಮೇಲೆ ತಲೆಮಾರು ಬೆಳೆಯುತ್ತದೆ. ಆದಕಾರಣವೇ ಕಾಳಿಗೆ ಹರಳೆಣ್ಣೆಯನ್ನು ಸವರುವುದು, ಕೆಮ್ಮಣ್ಣನ್ನು ಕಟ್ಟುವುದು, ಬೇವಿನ ಎಲೆಯನ್ನು ಸೇರಿಸಿಡುವುದು ಎಂಬ ಗೃಹಿಣಿಯರ ಉಪಾಯಗಳು ಹುಟ್ಟಿದುವು. ಬಟಾಣಿಯ ದುಂಬಿಯ ನಡೆ ಬೇರೆ. ಅದು ವರ್ಷಕ್ಕೆ ಒಂದೇ ತಲೆಮಾರು. ಚಳಿಗಾಲವನ್ನು ಮರದ ತೊಗಟೆಯ ಬಿರುಕಿನಂಥ ಮರೆಗಳಲ್ಲಿ ಕಳೆದು, ಬಟಾಣಿ ಹೂಬಿಡುವ ಕಾಲಕ್ಕೆ ಹೊಲಕ್ಕೆ ಬರುತ್ತದೆ. ಹೆಣ್ಣು ಆ ಹೂವಿನ ಪರಾಗವನ್ನು ತಿಂದ ಬಳಿಕವೇ ಅದರ ಮೊಟ್ಟೆಗಳು ಬಲಿಯುವುವು. ಹಸಿಯ ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಸಿಪ್ಪೆಯನ್ನು ಕೊರೆದು ಒಳಗಿನ ಎಳೆಯ ಕಾಳನ್ನು ಹೊಗುತ್ತದೆ. ಒಣಗಿದ ಬಟಾಣಿಯಲ್ಲಿ ಅದು ಸಂತಾನವನ್ನು ಬೆಳೆಸಲಾರದು. ಈ ಭೇದವನ್ನು ತಿಳಿಯದೆ ಫಾಬ್ರನನ್ನು ಓದುವ ಕನ್ನಡಿಗನು ತನ್ನ ಉಗ್ರಾಣದ ಹುಳುವನ್ನು ಅವನ ಹೊಲದ ಹುಳುವಿನ ಮೇಲೆ ಆರೋಪಿಸಿ ಓದುವನು.

೨. ಆಲಂಕಾರಿಕರ ಮತ

ಪದಾರ್ಥಗಳ ನಾನಾವಸ್ಥೆಗಳ ರೂಪವನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದು ಸ್ವಭಾವೋಕ್ತಿಯೆಂದೂ ಅದಕ್ಕೇ ಜಾತಿಯೆಂದು ಹೆಸರೆಂದೂ ದಂಡಿಯು ಕಾವ್ಯಾದರ್ಶದಲ್ಲಿ ಹೇಳಿ, ಅರ್ಥಾಲಂಕಾರಗಳಲ್ಲಿ ಅದಕ್ಕೆ ಮೊದಲ ಸ್ಥಾನವನ್ನು ಕೊಟ್ಟಿರುವನು. ಜಾತಿ, ಕ್ರಿಯೆ, ಗುಣ, ದ್ರವ್ಯ ಎಂದು ನಾಲ್ಕು ಬಗೆಯನ್ನೂ ಎಣಿಸಿರುವನು. ಶಾಸ್ತ್ರಗಳಲ್ಲಿ ಇದರದೇ ಆಳ್ವಿಕೆ, ಕಾವ್ಯದಲ್ಲಿಯೂ ಇದು ಅಪೇಕ್ಷಣೀಯ ಎಂಬುದು ಅವನ ಅಭಿಪ್ರಾಯ. ಎಂದ ಮೇಲೆ ಶಾಸ್ತ್ರಕ್ಕೂ ಕಾವ್ಯಕ್ಕೂ ನಡುವೆ ಗೋಡೆಯನ್ನೆಬ್ಬಿಸುವವರು ದಂಡಿಯನ್ನು ಸಾಕ್ಷಿಗೆ ಕರೆಯಲಾರರು.

ಭಾಮಹನು ಇದನ್ನು ಕೆಲವರು ಅಲಂಕಾರವೆನ್ನುವರೆಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಬರಿಯ ಸುದ್ದಿಯನ್ನು ಹೇಳುವ ಮಾತಿಗೆ ವಾರ್ತೆಯೆಂದು ಹೆಸರಿಟ್ಟು ಅದಕ್ಕೆ ಕಾವ್ಯತ್ವವಿಲ್ಲವೆನ್ನುತ್ತಾನೆ. ಕುಂತಕನ ಆಕ್ಷೇಪವು ಇನ್ನೂ ತೀಕ್ಷ್ಣ: ಸ್ವಭಾವವೆಂಬುದು ವಸ್ತುವಿನ ಶರೀರ, ಶರೀರವೇ ಅಲಂಕಾರವಾದರೆ ಅದು ಅಲಂಕರಿಸುವುದು ಯಾವುದನ್ನು? ಇದಕ್ಕೆ ಸಮಾಧಾನವು ಮಹಿಮಭಟ್ಟನ ವ್ಯಕ್ತಿವಿವೇಕದಲ್ಲಿ ದೊರೆಯುತ್ತದೆ. ವಸ್ತುವಿಗೆ ಸಾಮಾನ್ಯರೂಪವೆಂದೂ ವಿಶಿಷ್ಟರೂಪವೆಂದೂ ಎರಡುಂಟು. ಸಾಮಾನ್ಯರೂಪವು ಎಲ್ಲರ ಮಾತಿಗೂ ಸಿಕ್ಕುವುದು; ವಿಶಿಷ್ಟರೂಪವು ಪ್ರತಿಭೆಯುಳ್ಳವನ ದೃಷ್ಟಿಗೆ ಮಾತ್ರ ಗೋಚರ. ಅದನ್ನು ಹೇಳಿದ ಮಾತೇ ಸ್ವಭಾವೋಕ್ತಿ. ಈ ಭೇದವನ್ನು ಕೈಯಲ್ಲಿ ಹಿಡಿದುಕೊಂಡು ಫಾಬ್ರನನ್ನು ನೋಡೋಣ.

೩. ಬಟಾಣಿಯ ಅಧ್ಯಾಯಗಳು

'ಬಟಾಣಿಯನ್ನು ಹುಳು ತಿನ್ನುತ್ತದೆ' ಎಂಬುದು ವಾರ್ತೆ. 'ಒಂದು ಕಾಳಿನಿಂದ ಒಂದೇ ದುಂಬಿ ಹೊರಡುತ್ತದೆ' ಎಂಬುದು ಸಾಮಾನ್ಯರೂಪ. ಫಾಬ್ರನು ಇಲ್ಲಿಗೆ ನಿಲ್ಲದೆ ಕಾಳಿನ ಸಿಪ್ಪೆಯನ್ನು ಪರೀಕ್ಷಿಸುತ್ತಾನೆ. ಅದರ ಮೇಲೆ ಸೂಜಿಯಿಂದ ಚುಚ್ಚಿದಂಥ ಕಿರುಗುರುತುಗಳು. ಒಂದೊಂದು ಗುರುತೂ ಒಂದೊಂದು ಮರಿಹುಳು ಒಳಹೊಕ್ಕ ಬಾಗಿಲು. ಒಂದೇ ಕಾಳಿನ ಮೇಲೆ ಅಂಥವು ಹಲವು. ಆದರೆ ಹೊರಟುಹೋದ ಬಾಗಿಲು, ದುಂಡಗೆ ಕತ್ತರಿಸಿದುದು, ಒಂದೇ. ಒಳಹೊಕ್ಕವರು ಹಲವರು, ಹೊರಬಂದವನು ಒಬ್ಬನು; ಉಳಿದವರೇನಾದರು? ಈ ಪ್ರಶ್ನೆಯು ಸಿಪ್ಪೆಯ ಮೇಲೆ ಎಲ್ಲರ ಕಣ್ಣೆದುರಿಗೂ ಬರೆದಿದ್ದಿತು. ಅದನ್ನು ಓದಿದ ಕಣ್ಣು ಮಾತ್ರ ಅವನದು.

ನಮ್ಮಲ್ಲಿ ಘುಣಾಕ್ಷರನ್ಯಾಯವೆಂಬುದೊಂದುಂಟು. ಘುಣವೆಂಬ ಹುಳು ಮರವನ್ನೋ ಓಲೆಯನ್ನೋ ಕೊರೆಯುವಾಗ ಒಮ್ಮೊಮ್ಮೆ ಅಕ್ಷರದ ಆಕಾರವು ಬೀಳುವುದು. ಅದು ಹುಳುವಿನ ಪಾಂಡಿತ್ಯವಲ್ಲ, ಆಕಸ್ಮಿಕ. ಆದರೆ ಬಟಾಣಿಯ ಮೇಲಿನ ಗುರುತುಗಳು ಆಕಸ್ಮಿಕವಲ್ಲ; ಒಂದು ಜೀವಿತದ ಚರಿತ್ರೆಯೇ ಅಲ್ಲಿ ಲಿಖಿತವಾಗಿದೆ. ಹೀಗಿದ್ದರೂ ಆ ನ್ಯಾಯವು ಓದುವವನಿಗೆ ಹೇಳುವ ಬುದ್ಧಿವಾದವು ಇಲ್ಲಿಯೂ ನಿಲ್ಲುತ್ತದೆ: ಹುಳುವಿನ ಬರವಣಿಗೆಯಲ್ಲಿ ಇರುವುದನ್ನು ಓದಬೇಕು, ಇಲ್ಲದುದನ್ನು ಓದಬಾರದು.

ಕಾಳನ್ನು ಒಡೆದು ನೋಡಿದ ಮೇಲೆ ಫಾಬ್ರನು ಕಂಡುದೇನೆಂದರೆ: ಹಲವು ಮರಿಗಳು ನಡುಗಾಳಿನ ಕಡೆಗೆ ಕೊರೆಯುತ್ತ ಹೊರಡುವುವು, ಒಂದು ಮೊದಲು ಮಧ್ಯವನ್ನು ಸೇರುವುದು, ಆ ಬಳಿಕ ಉಳಿದುವು ಕೊರೆಯುವುದನ್ನು ನಿಲ್ಲಿಸಿ ಇದ್ದಲ್ಲಿಯೇ ಸಾಯುವುವು. ಇಲ್ಲಿಯವರೆಗೆ ಪ್ರತ್ಯಕ್ಷ. ನಡುವೆ ಒಬ್ಬನು ನೆಲಸಿದ ಸಂಗತಿಯು ಉಳಿದವರಿಗೆ ಹೇಗೆ ತಿಳಿಯಿತು, ಅಣ್ಣನ ದವಡೆಗಳ ಅದುರು ಅವರಿಗೆ ದೂರದಿಂದ ಮುಟ್ಟುವುದೋ ಎಂದು ಮುಂದೆ ಪ್ರಶ್ನೆಯ ರೂಪದಲ್ಲಿ ಕೇಳಿ, ಅಂಥದೇನೋ ಇದ್ದೀತೆನ್ನುತ್ತಾನೆ. ಇದು ಸಂದೇಹಪೂರ್ವಕವಾದ ಅನುಮಾನ. ಅನಂತರ, ಹಿಂದುಳಿದವರು ಜಗಳವಾಡದೆ ತಮ್ಮ ಪಾಲಿನ ಸಾವನ್ನು ಒಪ್ಪಿಕೊಳ್ಳುವ ಆ ಮುಗ್ಧವಾದ ಶರಣಾಗತಿಯು ತನಗೆ ಪ್ರಿಯವೆಂದು ಹೇಳುತ್ತಾನೆ. ಇದು ಮೂರನೆಯ ಮೆಟ್ಟಿಲು. ಇಲ್ಲಿ ನಾವು ನಿಂತು ವಿಚಾರಿಸಬೇಕು.

ಎರಡನೆಯ ಮೆಟ್ಟಿಲು ಗಟ್ಟಿಯಾದುದೆಂಬುದಕ್ಕೆ ಇತ್ತೀಚಿನ ಸಾಕ್ಷ್ಯವಿದೆ. ಅಲಸಂದೆಯ ದುಂಬಿಯಾದ ಕ್ಯಾಲೊಸೊಬ್ರೂಖಸ್ ಮ್ಯಾಕ್ಯುಲೇಟಸ್ಸಿನ ಮರಿಗಳು ಒಂದೇ ಕಾಳಿನೊಳಗೆ ಸ್ಪರ್ಧಿಸುವಾಗ ಎದುರಾಳಿಯ ಕೊರೆತದ ಅದುರನ್ನರಿತು ತಮ್ಮ ನಡೆಯನ್ನು ಬದಲಿಸುತ್ತವೆಂದು ೧೯೮೭ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕುಲ ಬೇರೆಯಾದುದರಿಂದ ಇದು ಬಟಾಣಿಯ ದುಂಬಿಗೆ ನೇರವಾದ ಪ್ರಮಾಣವಲ್ಲ, ಸಾಮ್ಯದಿಂದ ಬಂದ ಬಲ ಮಾತ್ರ. ಆದರೂ ಒಬ್ಬ ಮುದುಕನು ಭೂತಗನ್ನಡಿಯನ್ನು ಹಿಡಿದು ಕೇಳಿದ ಪ್ರಶ್ನೆಯು ಎಂಬತ್ತು ವರ್ಷಗಳಾಚೆ ಯಂತ್ರಸಾಧನವುಳ್ಳ ಪ್ರಯೋಗಶಾಲೆಯಲ್ಲಿ ಬೆಲೆಯುಳ್ಳದ್ದಾಗಿ ಉಳಿದುದು ಸಾಮಾನ್ಯವಲ್ಲ. ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಇಟ್ಟುದರಿಂದ ಅದು ಉಳಿಯಿತು.

ಮೂರನೆಯದಕ್ಕೆ ಆ ಭಾಗ್ಯವಿಲ್ಲ. ಅದೇ ಕ್ಯಾಲೊಸೊಬ್ರೂಖಸ್ಸಿನ ಕೆಲವು ಸಂತತಿಗಳಲ್ಲಿ ಹಲವು ಮರಿಗಳು ಒಂದು ಕಾಳನ್ನು ಹಂಚಿಕೊಂಡು ಬೆಳೆಯುವುವು. ಕೆಲವು ಸಂತತಿಗಳಲ್ಲಿ ಒಂದು ಉಳಿದು ಮಿಕ್ಕುವು ಅಳಿಯುವುವು, ಎದುರಾದುದನ್ನು ಕಚ್ಚಿ ಕೊಲ್ಲುವುದೂ ಉಂಟು. ಸುಮ್ಮನೆ ನಿಲ್ಲುವುದು ಒಂದು ನಡೆ. ಅದಕ್ಕೆ ಶರಣಾಗತಿಯೆಂದು ಹೆಸರಿಟ್ಟುದು ನೋಡುವವನ ಹೃದಯ.

'ಹಾಗಾದರೆ ಉಪಮೆ ರೂಪಕಗಳನ್ನೆಲ್ಲ ಈ ಬಗೆಯ ಗದ್ಯದಿಂದ ಹೊರಗಟ್ಟಬೇಕೆ?' ಎಂದು ಕೇಳಬಹುದು. ಹಾಗಲ್ಲ. ಫಾಬ್ರನೇ ಇದೇ ದುಂಬಿಯನ್ನು ಬೆಳೆಯಲ್ಲಿ ದಶಾಂಶವನ್ನು ವಸೂಲು ಮಾಡಲು ಬರುವ ಅಧಿಕಾರಿಯೆಂದು ವರ್ಣಿಸುತ್ತಾನೆ. ಆ ಮಾತಿನಲ್ಲಿ ಯಾವ ದೋಷವೂ ಇಲ್ಲ. ಏಕೆಂದರೆ ಲಕ್ಷಣೆಗೆ ಮುಖ್ಯಾರ್ಥಬಾಧವು ಮೊದಲನೆಯ ಕಾರಣವೆಂದು ಮಮ್ಮಟಾದಿಗಳು ಹೇಳಿರುವರು. ದುಂಬಿಯು ಅಧಿಕಾರಿಯಾಗಲಾರದೆಂಬುದು ಓದಿದೊಡನೆಯೇ ಸ್ಫುಟ, ಬುದ್ಧಿಯು ಮುಖ್ಯಾರ್ಥವನ್ನು ಬಿಟ್ಟು ಲಕ್ಷ್ಯಾರ್ಥಕ್ಕೆ ಹಾರುತ್ತದೆ, ಯಾರೂ ಮೋಸಹೋಗುವುದಿಲ್ಲ. ಶರಣಾಗತಿಯ ಮಾತಿನಲ್ಲಿ ಈ ಬಾಧವು ಕಾಣುವುದಿಲ್ಲ. ಹುಳುವಿಗೆ ಅಂಥದೊಂದು ಭಾವವು ಇದ್ದರೂ ಇರಬಹುದೆಂದು ಓದುವವನು ನಂಬಿಬಿಡಬಲ್ಲನು. ಅವನ ಬುದ್ಧಿಯು ಮುಖ್ಯಾರ್ಥದಲ್ಲಿಯೇ ನಿಂತುಬಿಡುತ್ತದೆ. ಆಗ ಅಲಂಕಾರವು ಅಲಂಕಾರವಾಗಿರದೆ ವಸ್ತುನಿರ್ದೇಶವಾಗಿ ಪರಿಣಮಿಸುತ್ತದೆ. ಅಂಥ ನಿರ್ದೇಶಕ್ಕೆ ಪ್ರಮಾಣ ಬೇಕು. ಉತ್ಪ್ರೇಕ್ಷೆಯಲ್ಲಿ 'ಎಂಬಂತೆ', 'ಏನೋ' ಎಂಬ ವಾಚಕಗಳನ್ನು ನಮ್ಮವರು ಕೂಡಿಸಿದುದು ಬರಿಯ ಪದಪೂರಣಕ್ಕಲ್ಲ. ಫಾಬ್ರನು ದವಡೆಯ ಅದುರಿನ ಮಾತಿಗೆ ವಾಚಕವನ್ನಿಟ್ಟನು, ಮುಂದಿನ ಮಾತಿಗೆ ಇಡಲಿಲ್ಲ. ಅವನ ಶಕ್ತಿಯೂ ದೌರ್ಬಲ್ಯವೂ ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿವೆ.

ಎಂದಮಾತ್ರಕ್ಕೆ ಅಧ್ಯಾಯದ ಬೆಲೆಯು ತಗ್ಗುವುದಿಲ್ಲ. ದುಂಬಿಯು ಹೊರಡಬೇಕಾದ ದಾರಿಯನ್ನು ಮರಿಹುಳು ಕೋಶಾವಸ್ಥೆಗೆ ಮುಂಚೆಯೇ ಕೊರೆದಿಟ್ಟು, ಹೊರಗಿನ ತೆಳುಸಿಪ್ಪೆಯೊಂದನ್ನೇ ಮುಚ್ಚಳವಾಗಿ ಉಳಿಸುವ ಭಾಗವನ್ನು ನೋಡಿರಿ. ಅಲ್ಲಿ ಕ್ರಿಯಾಸ್ವಭಾವೋಕ್ತಿಯು ಶುದ್ಧವಾಗಿದೆ. ತಾನು ಎಂದೂ ಕಾಣದ ಮುಂದಿನ ದೇಹಕ್ಕೆ ಹುಳು ಬಾಗಿಲನ್ನು ಸಿದ್ಧಪಡಿಸುತ್ತದೆ. ಇದನ್ನು ಇದ್ದಂತೆ ಹೇಳಿದುದೇ ಅದ್ಭುತರಸಕ್ಕೆ ಸಾಕಾಯಿತು. ಭಾವವನ್ನು ಹೊರಗಿನಿಂದ ತಂದು ತುಂಬುವ ಅವಶ್ಯವೇ ಇಲ್ಲ. ಬಟಾಣಿಯ ಗಿಡದ ಪಾಲನ್ನೂ ಇಲ್ಲಿ ಸ್ಮರಿಸಬಹುದು. ಈ ದುಂಬಿಯ ಮೊಟ್ಟೆಯಿಂದ ಬರುವ 'ಬ್ರೂಖಿನ್' ಎಂಬ ದ್ರವ್ಯಗಳ ಸೋಂಕಿನಿಂದ ಕೆಲವು ಬಟಾಣಿ ತಳಿಗಳ ಕಾಯಿಯು ಆ ಸ್ಥಳದಲ್ಲಿ ಗಂಟಾಗಿ ಉಬ್ಬಿ ಮರಿಯ ದಾರಿಯನ್ನು ತಡೆಯುತ್ತದೆಂದು ೨೦೦೦ದಲ್ಲಿ ಪ್ರಕಟವಾಯಿತು. ಫಾಬ್ರನಿಗೆ ಗಿಡವು ಬರಿಯ ಅನ್ನದ ತಟ್ಟೆಯಾಗಿತ್ತು. ಈಗ ಅದು ಕಥೆಯ ಎರಡನೆಯ ಪಾತ್ರವಾಗಿದೆ. ಇದನ್ನು ಹೇಳಬಲ್ಲ ಸ್ವಭಾವೋಕ್ತಿಯು ಇನ್ನು ಮೇಲೆ ಹುಟ್ಟಬೇಕಾಗಿದೆ.

೪. ಹುರುಳಿಕಾಯಿಯ ಅಧ್ಯಾಯ

ಎರಡನೆಯ ಅಧ್ಯಾಯವು ಶಬ್ದಶಾಸ್ತ್ರಜ್ಞರಿಗೆ ವಿಶೇಷವಾಗಿ ಪ್ರಿಯವಾಗತಕ್ಕುದು. ಫ್ರೆಂಚರ 'ಆರಿಕೋ', ಎಂದರೆ ನಮ್ಮ ಪೇಟೆಯ ಹುರುಳಿಕಾಯಿ ಅಥವಾ ಬೀನ್ಸಿನ ಕಾಳು, ಯೂರೋಪಿನ ಹಳೆಯ ಬೆಳೆಯೋ ಹೊರಗಿನಿಂದ ಬಂದುದೋ ಎಂಬುದು ಪ್ರಶ್ನೆ. ರೋಮಿನ ವರ್ಜಿಲ್ ಕವಿಯು 'ಫಸೇಲಸ್' ಎಂಬ ಕಾಳನ್ನು ಹೇಳಿರುವುದರಿಂದ ಅದೇ ಇದೆಂದು ಕೆಲವರು ತಿಳಿದಿದ್ದರು. ಫಾಬ್ರನು ಇದಕ್ಕೆ ಎರಡು ಪ್ರಮಾಣಗಳಿಂದ ಉತ್ತರಿಸುತ್ತಾನೆ. ಮೊದಲನೆಯದು ಕೀಟದ ಸಾಕ್ಷ್ಯ: ತನ್ನ ಸೀಮೆಯಲ್ಲಿ ಉಳಿದ ಕಾಳುಗಳಿಗೆಲ್ಲ ದುಂಬಿಯುಂಟು, ಆರಿಕೋವಿಗೆ ಮಾತ್ರ ಇಲ್ಲ; ಆದುದರಿಂದ ಅದು ಇಲ್ಲಿಯದಲ್ಲ. ಅನಂತರ ಮಯ್ಯಾನ್ ಎಂಬ ಊರಿನಿಂದ ಹುಳು ತಿಂದ ಆರಿಕೋ ಕಾಳುಗಳು ಅವನ ಕೈಗೆ ಬಂದುವು. ಗಿಡದ ಹಿಂದೆಯೇ ಅದರ ಹುಳುವೂ ಸಮುದ್ರವನ್ನು ದಾಟಿ ಬಂದಿತ್ತು. ಎರಡನೆಯದು ಶಬ್ದದ ಸಾಕ್ಷ್ಯ: ಕ್ಯೂಬಾ ದ್ವೀಪದಲ್ಲಿ ಹುಟ್ಟಿದ ಕವಿ ಎರೆದಿಯನು 'ಆರಿಕೋ' ಎಂಬುದು ಮೆಕ್ಸಿಕೋ ದೇಶದ 'ಅಯಕೋತ್' ಎಂಬ ನುಡಿಯಿಂದ ಬಂದುದೆಂದು ತಿಳಿಸಿದನು. ಕವಿಯ ಶಬ್ದವೂ ಕೀಟದ ನಡತೆಯೂ ಒಂದನ್ನೊಂದು ಸಮರ್ಥಿಸಿದುವೆಂದು ಫಾಬ್ರನು ಹಿಗ್ಗುತ್ತಾನೆ.

ಸಿದ್ಧಾಂತವು ಸರಿ, ಈ ಕಾಳು ಅಮೆರಿಕದಲ್ಲಿ ಬೇಸಾಯಕ್ಕೆ ಬಂದುದೆಂಬುದು ಈಗ ನಿರ್ವಿವಾದ. ಆದರೆ ಹೇತುಗಳನ್ನು ಪರೀಕ್ಷಿಸಬೇಕು. ಶಬ್ದಪ್ರಮಾಣವು ಸಂದಿಗ್ಧವಾದುದು. ಮಾಂಸದ ತುಂಡುಗಳನ್ನು ಬೇಯಿಸಿದ ಒಂದು ಅಡುಗೆಗೆ 'ಆರಿಕೋ' ಎಂಬಂಥ ಹೆಸರು ಅಮೆರಿಕವನ್ನು ಯೂರೋಪಿನವರು ಕಾಣುವುದಕ್ಕೆ ಮುಂಚೆಯೇ, ೧೪ನೆಯ ಶತಮಾನದಲ್ಲಿಯೇ, ಫ್ರೆಂಚಿನಲ್ಲಿದ್ದಿತು. ಆದುದರಿಂದ ಮೆಕ್ಸಿಕೋ ವ್ಯುತ್ಪತ್ತಿಯನ್ನು ಭಾಷಾಶಾಸ್ತ್ರಜ್ಞರು ಎಲ್ಲರೂ ಒಪ್ಪುವುದಿಲ್ಲ.

ಕೀಟದ ಸಾಕ್ಷ್ಯವು ಅನುಪಲಬ್ಧಿ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧಿಸುವುದೆಂದೂ, ಅಂಥ ಯೋಗ್ಯಾನುಪಲಬ್ಧಿಯೇ ಪ್ರಮಾಣವೆಂದೂ ಭಾಟ್ಟಮತದವರು ನಿಯಮಿಸಿರುವರು. ಹೊಸಬೆಳೆಯಾದುದರಿಂದಲೇ ಸ್ಥಳೀಯ ದುಂಬಿಗಳು ಅದನ್ನು ಮುಟ್ಟಲಿಲ್ಲವೆಂಬುದು ನಿಶ್ಚಯವೆ? ಈ ಕಾಳಿನೊಳಗೆ ಪಿಷ್ಟವನ್ನು ಜೀರ್ಣಿಸುವ ಕಿಣ್ವವನ್ನು ತಡೆಯುವ ಒಂದು ಸಸಾರಜನಕವುಂಟು. ಅದು ಬಟಾಣಿಯ ದುಂಬಿಗೆ ಮಾರಕ. ಆರಿಕೋವಿನ ಸ್ವಂತ ದುಂಬಿಯಾದ ಅಕ್ಯಾಂಥೊಸೆಲಿಡಿಸ್ಸಿಗೆ ನಿರ್ಬಾಧಕ. ಆಸ್ಟ್ರೇಲಿಯದ ವಿಜ್ಞಾನಿಗಳು ಈ ಗುಣವನ್ನು ಬಟಾಣಿಯ ಗಿಡಕ್ಕೆ ಸೇರಿಸಿದಾಗ ಬಟಾಣಿಯು ತನ್ನ ದುಂಬಿಯಿಂದ ಪಾರಾಯಿತು; ಇಲಿಗಳ ಮೇಲಿನ ಪರೀಕ್ಷೆಯಲ್ಲಿ ದೋಷ ಕಂಡುದರಿಂದ ಆ ಪ್ರಯತ್ನವನ್ನು ೨೦೦೫ರಲ್ಲಿ ಕೈಬಿಟ್ಟರು. ಆದಕಾರಣ ಹುಳು ಮುಟ್ಟದಿರುವುದಕ್ಕೆ ಕಾಳಿನ ಅಂತರ್ಗುಣವೂ ಕಾರಣವಾಗಬಲ್ಲುದು. ನೂರಾರು ವರ್ಷ ಒಂದೇ ಹೊಲದಲ್ಲಿ ಬೆಳೆದರೂ ಬಟಾಣಿಯ ದುಂಬಿಯು ಅದನ್ನು ತಿನ್ನಲಾರದು. ಫಾಬ್ರನ ಹೇತುವಿಗೆ ಹೀಗೆ ಒಂದು ಉಪಾಧಿಯು ಅಂಟಿಕೊಂಡಿದೆ. ಫಲವು ಸತ್ಯವಾದರೂ ಹೇತುವು ಒಂಟಿಯಾಗಿ ನಿಲ್ಲಲಾರದು.

ಈ ಚರ್ಚೆಯು ಪರದೇಶದ ಕಾಳಿಗೆ ಮಾತ್ರ ಸಂಬಂಧಿಸಿದುದೆಂದು ನಮ್ಮವರು ತಿಳಿಯಬಾರದು. ಅದೇ ಅಮೆರಿಕದ ಗಿಡಕ್ಕೆ ನಾವೂ ಹಳೆಯ ಹೆಸರನ್ನೇ ಕೊಟ್ಟು ಹುರುಳಿಕಾಯಿ ಎಂದಿದ್ದೇವೆ. ಹುರುಳಿ ಬೇರೆ ಕುಲದ ಗಿಡ, ನಮ್ಮ ನೆಲದ ಹಳೆಯ ಬೆಳೆ. ಹಳಗನ್ನಡ ಗ್ರಂಥದಲ್ಲಿ ಹುರುಳಿಯೆಂಬ ಶಬ್ದವು ಬಂದಾಗ ವಿದ್ಯಾರ್ಥಿಯು ಪೇಟೆಯ ಹಸುರುಕಾಯಿಯನ್ನು ನೆನೆದರೆ ವರ್ಜಿಲನ ಟೀಕಾಕಾರರು ಎಡವಿದ ಕಲ್ಲಿಗೇ ತಾನೂ ಎಡವುವನು. ಹೆಸರು ನಿಂತಲ್ಲಿಯೇ ನಿಂತು ವಸ್ತುವು ಬದಲಾಗುವುದನ್ನು ಟಿಪ್ಪಣಿಕಾರರು ಎಚ್ಚರದಿಂದ ಗಮನಿಸಬೇಕು.

೫. ಫಲಿತಾರ್ಥ

ಇಷ್ಟರಿಂದ ಸಿದ್ಧವಾದುದೇನೆಂದರೆ: ಶಾಸ್ತ್ರಗದ್ಯವು ಸಾಹಿತ್ಯವಾಗಬಲ್ಲುದು; ಆದರೆ ಅದು ಸಾಹಿತ್ಯವಾಗುವುದು ಹುಳುವಿಗೆ ಹೃದಯವನ್ನು ದಾನಮಾಡುವುದರಿಂದಲ್ಲ, ಹುಳುವಿನ ವಿಶಿಷ್ಟರೂಪವನ್ನು ಕಾಣುವುದರಿಂದ. ಅದರೊಳಗಿನ ಅಲಂಕಾರವನ್ನು ಪರೀಕ್ಷಿಸುವಾಗ 'ಚೆನ್ನಾಗಿದೆಯೆ?' ಎಂದು ಕೇಳುವುದಕ್ಕೆ ಮುಂಚೆ 'ಇದು ಅಲಂಕಾರವೆಂದು ಓದುವವನಿಗೆ ಗೊತ್ತಾಗುವುದೆ?' ಎಂದು ಕೇಳಬೇಕು. ಗೊತ್ತಾಗುವುದಾದರೆ ಅದು ಗುಣ. ಗೊತ್ತಾಗದೆ ಸಂಗತಿಯಂತೆ ನಿಲ್ಲುವುದಾದರೆ ಅದನ್ನು ಸಂಗತಿಯಂತೆಯೇ ಪ್ರಮಾಣದ ಕಟಕಟೆಗೆ ನಿಲ್ಲಿಸಬೇಕು.

ಕನ್ನಡದಲ್ಲಿ ಶಿವರಾಮ ಕಾರಂತರು, ಬಿ. ಜಿ. ಎಲ್. ಸ್ವಾಮಿಯವರು, ಪೂರ್ಣಚಂದ್ರ ತೇಜಸ್ವಿಯವರು ಪ್ರಕೃತಿಯನ್ನು ಕುರಿತು ಬರೆದ ಗದ್ಯವು ಈಗ ಪಾಠಪುಸ್ತಕಗಳನ್ನು ಪ್ರವೇಶಿಸಿದೆ. ಉಪಾಧ್ಯಾಯರು ಅದನ್ನು ಬೋಧಿಸುವಾಗ ಹಾಸ್ಯವನ್ನೂ ಶೈಲಿಯನ್ನೂ ಹೊಗಳಿ ಮುಗಿಸಿಬಿಟ್ಟರೆ ಆ ಗ್ರಂಥಕರ್ತರಿಗೆ ನ್ಯಾಯವನ್ನು ಸಲ್ಲಿಸಿದಂತಾಗುವುದಿ���್ಲ. ಅವರು ಕಂಡುದು ಯಾವುದು, ಊಹಿಸಿದುದು ಯಾವುದು, ಭಾವಿಸಿದುದು ಯಾವುದು ಎಂದು ವಿದ್ಯಾರ್ಥಿಯೊಡನೆ ಕುಳಿತು ವಿಂಗಡಿಸಬೇಕು. ಆ ವಿಂಗಡಣೆಯನ್ನು ಕಲಿತ ಬಾಲಕನು ಕವಿಯನ್ನೂ ಚೆನ್ನಾಗಿ ಓದುವನು, ವೃತ್ತಪತ್ರಿಕೆಯನ್ನೂ ಚೆನ್ನಾಗಿ ಓದುವನು. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳ ಮೊದಲಿಗಿಟ್ಟುದು ಅದು ಸುಲಭವಾದುದೆಂದಲ್ಲ. ಇದ್ದುದನ್ನು ಇದ್ದಂತೆ ಹೇಳಬಲ್ಲವನಿಗೇ ಇಲ್ಲದುದನ್ನು ಕಲ್ಪಿಸುವ ಅಧಿಕಾರವೆಂದು ನಾವು ತಿಳಿಯುತ್ತೇವೆ. ವಿದ್ವಾಂಸರು ಇದನ್ನು ಪರಾಮರ್ಶಿಸಬೇಕೆಂದು ವಿಜ್ಞಾಪನೆ.